ಪದ ಬೇಕು: ಬಂಡೆಗೆ ‘ದುರಸ್ತಿ’ ಅನ್ನಬಹುದಾ?

ನಮಸ್ಕಾರ. ನಾಳೆ ಬೆಳಿಗ್ಗೆ ಪೇಂಟರ್ ಬರುತ್ತಾನೆ, ಅಷ್ಟರೊಳಗೆ ಒಂದು ಪದ ಬೇಕು. ಸಾಣಾಪುರದ ಹತ್ತಿರ ಬಂಡೆ ಹತ್ತುವ ಹುಡುಗರು ಬೋರ್ಡ್ ಹಾಕಿಸುತ್ತಿದ್ದಾರೆ. ‘ಸಾಂಪ್ರದಾಯಿಕ ಆರೋಹಣ ಮಾರ್ಗ. ಬಂಡೆ ದುರಸ್ತಿ ಮಾಡಬಾರದು’ ಅಂತ ಬರೆದುಕೊಟ್ಟೆ. ನಮ್ಮ ಮಾವ ಓದಿ ನಕ್ಕರು. “ಕೆಟ್ಟಿದ್ದನ್ನ ರಿಪೇರಿ ಮಾಡಬೇಡಿ ಅಂತ ಯಾರಾದ್ರೂ ಬೋರ್ಡ್ ಹಾಕ್ತಾರೇನಪ್ಪ?”

ವಿಷಯ ಇದು. ಈ ಹುಡುಗರು ಬಂಡೆಗೆ ಮೊಳೆ ಹೊಡೆಯುವುದಿಲ್ಲ. ಬಿರುಕಿನಲ್ಲಿ ನಟ್ ಅನ್ನುವ ಲೋಹದ ಬೆಣೆ ಸಿಕ್ಕಿಸಿ ಹಗ್ಗ ಹಾಕುತ್ತಾರೆ, ಕೊನೆಗೆ ಹತ್ತುವವನು ಎಲ್ಲ ಬಿಚ್ಚಿಕೊಂಡು ಹೋಗುತ್ತಾನೆ. ‘ಸಾಂಪ್ರದಾಯಿಕ’ ಅಂದದ್ದು ಇದಕ್ಕೇ. ಮೊನ್ನೆ ಒಬ್ಬ ಹಿಡಿದಿದ್ದ ಅಂಗೈ ಅಗಲದ ಚಕ್ಕೆ ಕಿತ್ತು ಬಂತು. ಸುತ್ತ ಬಿಸಿಲಿಗೆ ಕಂದಿದ ಕಲ್ಲು, ಚಕ್ಕೆ ಎದ್ದ ಜಾಗ ಮಾತ್ರ ಬೆಳ್ಳಗೆ. ಯಾರೋ ಎಪಾಕ್ಸಿ ಹಾಕಿ ಅದೇ ಚಕ್ಕೆಯನ್ನು ಅಲ್ಲೇ ಕೂರಿಸಿದರು. ಅಂಚಿನಲ್ಲಿ ಅಂಟು ಇನ್ನೂ ಮಿನುಗುತ್ತದೆ. ಇದ್ದದ್ದನ್ನೇ ಇದ್ದಲ್ಲಿಟ್ಟರೆ ತಪ್ಪೇನು ಅಂತ ಅರ್ಧ ಜನ. ಇವತ್ತು ಅಂಟು, ನಾಳೆ ಹಿಡಿ ಕೆತ್ತೋಕೆ ಉಳಿ ಅಂತ ಇನ್ನರ್ಧ.

ಬಳ್ಳಾರಿಯಿಂದ:
ದುರಸ್ತಿ ಪಾರಸಿ. ರಿಪೇರಿ ಇಂಗ್ಲಿಷ್. ಜೀರ್ಣೋದ್ಧಾರ ಸಂಸ್ಕೃತ, ಅದೂ ಗುಡಿಗೆ. ‘ಸರಿಗೆಯ್ಮೆ’ ಬಳಸಿ. ಇನ್ನು ‘ಬಂಡೆ’ ಯಾಕೆ? ನಿಮ್ಮ ಕಡೆಯ ಮಾತು ‘ಗುಂಡು’. ಅಶೋಕನ ಶಾಸನ ಇರುವ ನಿಮ್ಮ ಕೊಪ್ಪಳದ ಪಾಲ್ಕಿಗುಂಡಿನ ಹೆಸರಲ್ಲೇ ಇದೆ.

ರಾಯಚೂರಿನಿಂದ:
ಆ ‘ಪಾಲ್ಕಿ’ ಎಲ್ಲಿಂದ ಬಂತು ಸಾರ್? ಅಪ್ಪಟ ಕನ್ನಡವೇ ಬೇಕು ಅಂದ್ರೆ ಮೊದಲು ಆ ಗುಡ್ಡದ ಹೆಸರು ತಿದ್ದಿ. ಬಳ್ಳಾರಿ 1953ರ ತನಕ ಮದ್ರಾಸಿನಲ್ಲಿತ್ತು, ನಮ್ಮದು 1948ರ ತನಕ ನಿಜಾಮರ ಸೀಮೆ. ದುರಸ್ತಿ ನಮಗೆ ಮನೆಮಾತು. ಜಮೀನಿನ ಪೋಡಿ ದುರಸ್ತಿಗೆ ಅರ್ಜಿ ಕೊಟ್ಟು ಅಲೆಯದ ರೈತ ಯಾರಿದ್ದಾನೆ?

ಪದ ಪಾರಸಿ ಅನ್ನೋದು ತೊಂದರೆ ಅಲ್ಲ. ‘ದುರಸ್ತಿ’ ಅಂದ ಕೂಡಲೇ ಅದು ಒಳ್ಳೆ ಕೆಲಸ ಆಗಿಬಿಡುತ್ತೆ. ಬೇಡ ಅಂದವನೇ ತಪ್ಪಿತಸ್ಥ. ಇವರ ಮಾವ ನಕ್ಕದ್ದು ಅದಕ್ಕೇ.

ಇನ್ನು ‘ಸಾಂಪ್ರದಾಯಿಕ ಆರೋಹಣ’ ಅಂದ್ರೆ ಜನ ಅಂಜನಾದ್ರಿಯ 575 ಮೆಟ್ಟಿಲು ಅಂದುಕೊಳ್ಳುತ್ತಾರೆ. ತೆಗೆದುಹಾಕಿ.

ಬಳ್ಳಾರಿಯಿಂದ:
ಗೆಯ್ಮೆ ಹಳೆಯ ಪದ. ಗೊತ್ತಿಲ್ಲದವರು ಕಲಿಯಲಿ.

ರಾಯಚೂರಿನಿಂದ:
ಹಗ್ಗಕ್ಕೆ ಜೋತುಬಿದ್ದುಕೊಂಡಾ?

ಗಂಗಾವತಿಯಿಂದ:
ಇಬ್ಬರೂ ಸ್ವಲ್ಪ ನಿಲ್ಲಿಸಿ, ಪೇಂಟರ್ ಕಾಯುತ್ತಿದ್ದಾನೆ. ಆನೆಗೊಂದಿ ಕಡೆ ಬಂಡೆಗಳ ಮೇಲೆ ಸಾಲಾಗಿ ಕುಳಿಗಳಿವೆ ನೋಡಿ, ಕಲ್ಲು ಸೀಳೋಕೆ ಬೆಣೆ ಹೊಡೆದದ್ದು. ಯಾರೂ ಗಾರೆ ಹಾಕಿ ಮುಚ್ಚಲಿಲ್ಲ. ಅಮೆರಿಕದ ಯೊಸೆಮಿಟಿ ಕಣಿವೆಯ ಬಂಡೆಗಳಲ್ಲೂ ಹೀಗೇ. ಪಿಟಾನ್ ಅನ್ನುವ ಉಕ್ಕಿನ ಮೊಳೆ ಬಡಿದು, ಕಿತ್ತು, ಮತ್ತೆ ಬಡಿದು ಬಿರುಕುಗಳು ತೂತುಬಿದ್ದವು. 1972ರಲ್ಲಿ ಪಿಟಾನ್ ಮಾರುತ್ತಿದ್ದ ಇವಾನ್ ಶುನಾರ್ಡ್ ತನ್ನ ಕ್ಯಾಟಲಾಗಿನಲ್ಲೇ ಸುತ್ತಿಗೆ ಬಿಟ್ಟು ನಟ್ ಬಳಸಿ ಅಂದ. ಆ ತೂತುಗಳಲ್ಲೇ ಬೆರಳಿಟ್ಟು ಈಗ ಜನ ಹತ್ತುತ್ತಾರೆ. ಗಾಯ ಮಾಡಿದ್ದು ತಪ್ಪು ಅಂತ ಎಲ್ಲರೂ ಒಪ್ಪುತ್ತಾರೆ, ಮುಚ್ಚಬೇಕಾ ಅಂದ್ರೆ ಒಪ್ಪಲ್ಲ.

ನಾಮಪದದ ಹಿಂದೆ ಬೀಳಬೇಡಿ. ಮಾಡಬಾರದ ಕೆಲಸವನ್ನೇ ಬರೆಯಿರಿ. ಅಂಟು ಹಾಕುವುದಕ್ಕೆ ನಮ್ಮಲ್ಲಿ ‘ಮೆತ್ತುವುದು’ ಅನ್ನುತ್ತೇವೆ, ಗೋಡೆಗೆ ಮಣ್ಣು ಮೆತ್ತಿದ ಹಾಗೆ. ಆ ಪದದಲ್ಲೇ ಸ್ವಲ್ಪ ಅಸಡ್ಡೆ ಇದೆ. ಉಳಿಗೆ ‘ಉಳಿ ಹಚ್ಚುವುದು’. ಎರಡೂ ಎಲ್ಲರಿಗೂ ತಿಳಿಯುತ್ತವೆ.

ಕೇಳಿದವನು:
ತುಂಬಾ ಥ್ಯಾಂಕ್ಸ್. ಪೇಂಟರ್ ಅಕ್ಷರಕ್ಕೆ ಇಷ್ಟು ಅಂತ ದುಡ್ಡು ಕೇಳುತ್ತಾನೆ, ಅದಕ್ಕೆ ಇಷ್ಟೇ: ‘ಚಕ್ಕೆ ಎದ್ದರೆ ಹಾಗೇ ಬಿಡಿ. ಅಂಟು ಮೆತ್ತಬೇಡಿ. ಉಳಿ ಹಚ್ಚಬೇಡಿ.’ ಮಾವನಿಗೆ ಓದಿ ಹೇಳಿದೆ. ಈ ಸಲ ನಗಲಿಲ್ಲ.

ಬಳ್ಳಾರಿಯಿಂದ:
ಚಕ್ಕೆ ಅಲ್ಲ, ಚೆಕ್ಕೆ.