ಕಟ್ಟು ನೀರಿನಲ್ಲಿ ಭತ್ತ: ಗದ್ದೆಗೆ ಪೈಪು ನೆಟ್ಟು ನೀರು ಕೊಟ್ಟವರು ಇದ್ದೀರಾ?

ಮದ್ದೂರು ಕಡೆಭಾಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಮದ್ದೂರು ತಾಲ್ಲೂಕು, ಕೆಆರ್‌ಎಸ್ ಅಣೆಕಟ್ಟೆಯಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕಡೆಭಾಗ. ಎರಡು ಎಕರೆ ಗದ್ದೆ, ಪಕ್ಕದಲ್ಲಿ ಸ್ವಲ್ಪ ಕೂಳೆ ಕಬ್ಬು (ಕಡಿದ ಬುಡದಿಂದ ಮತ್ತೆ ಚಿಗುರಿದ್ದು). ಕೆಆರ್‌ಎಸ್ 124.80 ಅಡಿ ತುಂಬಿದ ವರ್ಷವೂ ನಮ್ಮ ತೂಬಿಗೆ ಬರುವ ಹೊತ್ತಿಗೆ ನೀರು ಸಣ್ಣಗಾಗಿರುತ್ತದೆ. ಈ ಸಲ ಅದರ ಜೊತೆಗೆ ಕಟ್ಟು ಪದ್ಧತಿಯೂ ಇದೆ, ಅಂದರೆ ನಾಲೆಗೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ. ನೀರು ಬಂದಾಗ ಅಪ್ಪ ಬದು ಮುಟ್ಟುವಷ್ಟು ನಿಲ್ಲಿಸುತ್ತಾರೆ. ಮುಂದಿನ ಸರದಿ ಯಾವಾಗಲೋ ಅನ್ನುವ ಭಯ ಅವರಿಗೆ. ಆದರೂ ಕೆಲವೇ ದಿನದಲ್ಲಿ ಇಂಗಿ ಹೋಗುತ್ತದೆ, ಆಮೇಲೆ ಬೋರ್‌ವೆಲ್ ಓಡಿಸಬೇಕು. ಪೈಪು ನೆಟ್ಟು, ನೀರು ಎಷ್ಟು ಇಳಿದಿದೆ ಅಂತ ನೋಡಿಕೊಂಡು ಹಾಯಿಸುವ ಕ್ರಮ ಇದೆಯಂತೆ. ಇಳುವರಿ ಕಡಿಮೆ ಆಗುವುದಿಲ್ಲವಾ?

ಪಾಂಡವಪುರ ಗದ್ದೆ:
ತಮ್ಮಾ, ನಾನು ನಾಲೆಯ ಮೇಲ್ಭಾಗದವನು, ನೀರಿಗೆ ಅಷ್ಟು ಕಷ್ಟ ಇಲ್ಲ. ಆದರೂ ಇದನ್ನು ಮಾಡುತ್ತಿದ್ದೇನೆ. ನಾನು ಸುಮ್ನೆ ನಿಲ್ಲಿಸಿಕೊಂಡ ನೀರು ನಿಮ್ಮ ಕಡೆ ಬರಬೇಕಾದ ನೀರು, ಅಲ್ವಾ.

ಮೊದಲು ಲೆಕ್ಕ ನೋಡಿ. ಒಂದು ಎಕರೆಯಲ್ಲಿ ಒಂದು ಇಂಚು ನೀರು ನಿಲ್ಲಿಸಿದರೆ 1 ಲಕ್ಷ ಲೀಟರ್‌ಗಿಂತ ಸ್ವಲ್ಪ ಜಾಸ್ತಿ. ಎರಡು ಇಂಚು ಸಾಕಾಗುವ ಕಡೆ ನಾಲ್ಕು ಇಂಚು ನಿಲ್ಲಿಸಿದರೆ ಎಕರೆಗೆ ಎರಡು ಲಕ್ಷ ಲೀಟರ್ ಹೆಚ್ಚುವರಿ. ಅದೆಲ್ಲಾ ಪೈರಿಗೆ ಸಿಗುತ್ತದೆ ಅಂದುಕೊಳ್ಳಬೇಡಿ. ನೀರು ಎತ್ತರ ನಿಂತಷ್ಟೂ ಕೆಳಕ್ಕೆ ಒತ್ತುವುದು ಜಾಸ್ತಿ, ಬದುವಿನಿಂದ ಜಿನುಗುವುದೂ ಜಾಸ್ತಿ. ನಿಮ್ಮ ಅಪ್ಪ ಕೂಡಿಟ್ಟ ನೀರು ಬೇಗ ಹೋಗುವುದಕ್ಕೆ ಇದೇ ಕಾರಣ. ಪೈಪಿಗಿಂತ ಮೊದಲು ಬದು ನೋಡಿ. ಏಡಿ ಬಿಲ, ಇಲಿ ಬಿಲ ಮುಚ್ಚಿ ಕೆಸರು ಮೆತ್ತಿ. ಅದಿಲ್ಲದೆ ಬೇರೆ ಏನು ಮಾಡಿದರೂ ದಂಡ.

ಈಗ ಪೈಪು. ನಾಲ್ಕು ಇಂಚು ಅಗಲದ ಪಿವಿಸಿ ಪೈಪು, ಒಂದು ಅಡಿ ಉದ್ದ. ಕೆಳಗಿನ ಎಂಟು ಇಂಚಿಗೆ ಸುತ್ತ ತೂತು ಕೊರೆಯಿರಿ. ಆ ಎಂಟು ಇಂಚು ಮಣ್ಣೊಳಗೆ, ಮಿಕ್ಕದ್ದು ಮೇಲೆ. ಒಳಗಿನ ಕೆಸರು ತೆಗೆದುಬಿಡಿ. ಪೈಪಿನೊಳಗೆ ನೀರು ಮಣ್ಣಿನ ಮಟ್ಟದಿಂದ ಆರು ಇಂಚು ಕೆಳಗೆ ಇಳಿಯುವ ತನಕ ನೀರು ಬೇಡ. ಮೇಲೆ ಒಣಗಿದಂತೆ ಕಂಡರೂ ಬೇರಿಗೆ ಅಲ್ಲಿ ನೀರು ಸಿಗುತ್ತಲೇ ಇರುತ್ತದೆ. ಇಳಿದ ಮೇಲೆ ಎರಡು ಇಂಚು ನಿಲ್ಲುವಷ್ಟು ಹಾಯಿಸಿ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳುವ ಅಳತೆ ಇದು. ನೀರು ಶೇ. 30ರವರೆಗೂ ಉಳಿಯುತ್ತದೆ, ಇಳುವರಿ ಬೀಳುವುದಿಲ್ಲ ಅನ್ನುತ್ತಾರೆ. ನನ್ನ ಗದ್ದೆಯಲ್ಲೂ ಇಳುವರಿ ಬಿದ್ದಿಲ್ಲ.

ಎರಡು ಹೊತ್ತಿನಲ್ಲಿ ಮಾತ್ರ ಹೀಗೆ ಒಣಗಿಸಬಾರದು. ನಾಟಿ ಆದ ಮೊದಲ ಎರಡು ವಾರ ತೆಳುವಾಗಿ ನೀರು ನಿಂತಿರಲಿ, ಇಲ್ಲದಿದ್ದರೆ ಕಳೆ ಮೇಲೇಳುತ್ತದೆ. ಹೂ ಬರುವ ಒಂದು ವಾರ ಮುಂಚೆಯಿಂದ ಒಂದು ವಾರ ಆಮೇಲಿನ ತನಕ ಎರಡು ಇಂಚು ಇರಲೇಬೇಕು. ಆಗ ಒಣಗಿಸಿದರೆ ಜಳ್ಳು ಗ್ಯಾರಂಟಿ. ಯೂರಿಯಾ ಎರಚುವುದಿದ್ದರೆ ನೀರು ಹಾಯಿಸುವ ಸ್ವಲ್ಪ ಮುಂಚೆ ಎರಚಿ, ನೀರಿನ ಜೊತೆ ಬೇರಿಗೆ ಇಳಿಯುತ್ತದೆ.

ಮಳವಳ್ಳಿ ರೈತ:
ಹೇಳುವುದಕ್ಕೆ ಚೆನ್ನಾಗಿದೆ ಅಣ್ಣ. ನಮ್ಮಲ್ಲಿ ನೀರು ಗದ್ದೆಯಿಂದ ಗದ್ದೆಗೆ ಇಳಿಯುತ್ತದೆ. ಮೇಲಿನವರು ಬಿಟ್ಟರೆ ನನ್ನ ಗದ್ದೆ ತುಂಬುತ್ತದೆ, ನಾನು ಬೇಡ ಅಂದರೆ ಕೆಳಗಿನವರಿಗೆ ಇಲ್ಲ. ಒಬ್ಬನೇ ಪೈಪು ನೆಟ್ಟು ಏನು ಮಾಡಲಿ?

ಪಾಂಡವಪುರ ಗದ್ದೆ:
ನಿಜವಾದ ತೊಡಕು ಅದೇ. ಇದು ಒಬ್ಬನ ಕೆಲಸ ಅಲ್ಲ, ಒಂದು ತೂಬಿನ ಕೆಳಗಿನವರೆಲ್ಲರ ಕೆಲಸ. ಪ್ರತಿ ಗದ್ದೆಗೂ ಹೊಲಗಾಲುವೆಯಿಂದ ಬೇರೆ ಬಾಯಿ ಇರಬೇಕು. ಎಷ್ಟೋ ಕಡೆ ಹೊಲಗಾಲುವೆಯನ್ನೇ ಒತ್ತಿ ಉತ್ತುಬಿಟ್ಟಿದ್ದಾರೆ. ನಿಮ್ಮ ನೀರು ಬಳಕೆದಾರರ ಸಂಘ ಜೀವಂತ ಇದ್ದರೆ ಅಲ್ಲಿ ಎತ್ತಿ, ಕಾಡಾ (ಅಚ್ಚುಕಟ್ಟು ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಕಚೇರಿಗೂ ಅರ್ಜಿ ಕೊಡಿ. ಅಲ್ಲಿಯ ತನಕ ಗದ್ದೆಯ ಒಂದು ಬದಿಯಲ್ಲಿ ಒಂದೂವರೆ ಅಡಿ ಜಾಗ ಬಿಟ್ಟು ಸಣ್ಣ ಕಾಲುವೆ ತೆಗೆದರೆ ಕೆಳಗಿನವರ ನೀರು ಅದರಲ್ಲೇ ಹೋಗುತ್ತದೆ. ಅಷ್ಟು ಜಾಗ ಬಿಡುವುದಕ್ಕೆ ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಸರದಿಯ ರಾತ್ರಿ ಜಗಳ ತಪ್ಪುತ್ತದೆ.

ಶ್ರೀರಂಗಪಟ್ಟಣ ಅಕ್ಕ:
ಕಬ್ಬಿನ ಬಗ್ಗೆ ಯಾರೂ ಹೇಳಲಿಲ್ಲ. ತಮ್ಮಾ, ಕೂಳೆಯ ತರಗಿಗೆ ಬೆಂಕಿ ಹಾಕಬೇಡಿ. ದಯವಿಟ್ಟು. ಸಾಲು ಬಿಟ್ಟು ಸಾಲಿಗೆ ತರಗು ಹಾಸಿ, ಖಾಲಿ ಸಾಲಿನಲ್ಲಿ ಮಾತ್ರ ನೀರು ಬಿಡಿ. ತರಗಿನ ಕೆಳಗೆ ಕೈ ಹಾಕಿ ನೋಡಿದರೆ ಬಿಸಿಲಲ್ಲೂ ತಂಪು ಇರುತ್ತದೆ. ಕಳೆ ತೆಗೆಯುವ ಆಳಿನ ಖರ್ಚೂ ಉಳಿಯುತ್ತದೆ. ಆ ಖರ್ಚು ಎಷ್ಟು ಅಂತ ಮನೆಯ ಹೆಂಗಸರನ್ನು ಕೇಳಿ, ಲೆಕ್ಕ ಇಡುವುದು ಅವರೇ.

ಮದ್ದೂರು ಕಡೆಭಾಗ:
ಅಕ್ಕ, ತರಗು ಈ ಸಲ ಸುಡುವುದಿಲ್ಲ. ಅಣ್ಣ, ಇನ್ನೆರಡು ಕೇಳುವುದಿತ್ತು. ನಮ್ಮದರಲ್ಲಿ ಒಂದು ಮೂಲೆ ಎರೆಮಣ್ಣು, ಬೇಗ ಬಿರುಕು ಬಿಡುತ್ತದೆ. ಅಲ್ಲಿಯೂ ಆರು ಇಂಚು ಕಾಯಬೇಕಾ? ಇನ್ನೊಂದು, ಗದ್ದೆ ಒಣಗಿದ್ದು ಕಂಡರೆ ಅಪ್ಪ ಸುಮ್ಮನಿರುವುದಿಲ್ಲ.

ಪಾಂಡವಪುರ ಗದ್ದೆ:
ಬಿರುಕು ಬಿಡುವ ಮಣ್ಣಿನಲ್ಲಿ ಅಷ್ಟು ಕಾಯಬೇಡಿ. ಕೂದಲೆಳೆ ಬಿರುಕು ಕಂಡಾಗಲೇ ನೀರು ಕೊಡಿ. ಬಿರುಕು ಅಗಲವಾದರೆ ಮುಂದೆ ಕೊಟ್ಟ ನೀರೆಲ್ಲಾ ಅದರಲ್ಲೇ ಇಳಿದು ಹೋಗುತ್ತದೆ. ಪೈಪನ್ನು ಬದುವಿಗೆ ಅಂಟಿಸಿ ನೆಡಬೇಡಿ, ಮೂರು ಅಡಿಯಾದರೂ ಒಳಗಿರಲಿ, ಗದ್ದೆಯ ಸರಾಸರಿ ಮಟ್ಟ ಇರುವ ಜಾಗ ನೋಡಿ. ನೀರು ನಿಂತಾಗ ಪೈಪಿನ ಒಳಗೂ ಹೊರಗೂ ಮಟ್ಟ ಒಂದೇ ಇರಬೇಕು. ಇಲ್ಲದಿದ್ದರೆ ತೂತು ಕಟ್ಟಿಕೊಂಡಿದೆ ಅಂತ ಅರ್ಥ.

ಅಪ್ಪನ ಜೊತೆ ವಾದ ಬೇಡ. ಈ ಬೆಳೆಗೆ ಒಂದೇ ಮಡಿಯಲ್ಲಿ ಮಾಡಿ, ಉಳಿದದ್ದು ಅವರ ಇಷ್ಟದಂತೆ ಇರಲಿ. ದಿನಾ ಬೆಳಿಗ್ಗೆ ಪೈಪಿನೊಳಗೆ ಕಡ್ಡಿ ಇಳಿಸಿ ನೀರು ನೋಡುವ ಕೆಲಸವನ್ನು ಅವರಿಗೇ ಕೊಡಿ. ಕೊಯ್ಲಿನಲ್ಲಿ ಆ ಮಡಿಯ ಭತ್ತ ಬೇರೆ ಇಟ್ಟು ತೂಗಿಸಿ.