1992ರ ಯೂರೋದಲ್ಲಿ ಆಡಿದ ‘ಸಿಐಎಸ್’ ಯಾವ ದೇಶ?

ಪ್ರಶ್ನೆ: ಕಾಲ್ಚೆಂಡು_ಹುಚ್ಚ
ಯುರೋಪಿನ ದೇಶಗಳ ಫುಟ್‌ಬಾಲ್ ಟೂರ್ನಿ ಯೂರೋ ಕಪ್‌ನ ಹಳೇ ಪಟ್ಟಿ ನೋಡುತ್ತಿದ್ದೆ. 1992ರಲ್ಲಿ ಸ್ವೀಡನ್‌ನಲ್ಲಿ ಆಡಿದ್ದು ಎಂಟೇ ತಂಡ. ಅದರಲ್ಲಿ ಒಂದು ‘ಸಿಐಎಸ್’. ಅದಕ್ಕೆ ಮುಂಚೆ ಎಲ್ಲೂ ಇಲ್ಲ, ಆಮೇಲೂ ಇಲ್ಲ. ಗೊತ್ತಿರುವವರು ಹೇಳುತ್ತೀರಾ?

ಉತ್ತರ: ಮೈದಾನದ_ಮೂಲೆ
ಅದು ದೇಶವಲ್ಲ. ಸಿಐಎಸ್ ಅಂದರೆ ‘ಸ್ವತಂತ್ರ ರಾಷ್ಟ್ರಗಳ ಕಾಮನ್‌ವೆಲ್ತ್’, ಸೋವಿಯತ್ ಒಕ್ಕೂಟದಿಂದ ಬೇರೆಯಾದ ದೇಶಗಳ ಕೂಟ. ಇಟಲಿಯನ್ನು ಹಿಂದೆ ಹಾಕಿ ಯೂರೋಗೆ ಅರ್ಹತೆ ಪಡೆದದ್ದು ಸೋವಿಯತ್ ಒಕ್ಕೂಟ. 1991ರ ಡಿಸೆಂಬರ್‌ನಲ್ಲಿ ಆ ದೇಶವೇ ಒಡೆದುಹೋಯಿತು. ಗೆದ್ದ ಜಾಗ ಬಿಡಬಾರದು ಅಂತ ಕೆಲವೇ ತಿಂಗಳ ಮಟ್ಟಿಗೆ ಕಟ್ಟಿದ ತಂಡ ಅದು. ಕೋಚ್ ಅನಾತೊಲಿ ಬಿಷೊವೆಟ್ಸ್.

ಉತ್ತರ: ಹಾರ್ಕಿವ್_ಹಾಸ್ಟೆಲ್
ನಾನು ಆಗ ಹಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದೆ. ಊರು ದಾವಣಗೆರೆ. ನಾನು ಹೋಗಿದ್ದು ಸೋವಿಯತ್ ಒಕ್ಕೂಟಕ್ಕೆ, 1992ರಲ್ಲಿ ಅದೇ ಹಾಸ್ಟೆಲ್ ಉಕ್ರೇನ್‌ನಲ್ಲಿತ್ತು! ಅಂಗಡಿಯಲ್ಲಿ ಹಾಲು, ಬ್ರೆಡ್ಡಿಗೆ ಕೂಪನ್ ಕೊಡಬೇಕಿತ್ತು.

ಏಪ್ರಿಲ್ 29 ನನಗೆ ಚೆನ್ನಾಗಿ ನೆನಪಿದೆ. ಅವತ್ತು ಸಿಐಎಸ್ ಮಾಸ್ಕೋದಲ್ಲಿ ಇಂಗ್ಲೆಂಡ್ ಜೊತೆ 2-2 ಡ್ರಾ ಮಾಡಿಕೊಂಡಿತು. ಅದೇ ದಿನ ಉಝ್‌ಹೊರೊದ್‌ನಲ್ಲಿ ಉಕ್ರೇನ್ ತನ್ನ ಮೊದಲ ಪಂದ್ಯ ಆಡಿ ಹಂಗೇರಿಗೆ 1-3ರಿಂದ ಸೋತಿತು. ಪಕ್ಕದ ರೂಮಿನ ಗೆಳೆಯ ಉಕ್ರೇನ್‌ನ ಪೊಲ್ತಾವಾ ಊರಿನವನು. ಅವನ ಹೀರೋಗಳು ಮಾಸ್ಕೋದಲ್ಲಿ, ಅವನ ಬಾವುಟ ಉಝ್‌ಹೊರೊದ್‌ನಲ್ಲಿ. ರಾತ್ರಿ ಊಟವನ್ನೇ ಮಾಡಲಿಲ್ಲ.

ಜೂನ್‌ನಲ್ಲಿ ಮಾತ್ರ ಎಲ್ಲರೂ ಒಂದೇ ಟಿವಿ ಮುಂದೆ ಕೂತೆವು. ಪಂದ್ಯಕ್ಕೆ ಮುಂಚೆ ರಾಷ್ಟ್ರಗೀತೆ ಬದಲು ಬೀತೋವನ್‌ನ ಒಂಬತ್ತನೇ ಸಿಂಫನಿ ಹಾಕಿದರು. ಹಾಡಲು ಪದವೇ ಇಲ್ಲ. ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಎದುರು ಜರ್ಮನಿ. ಅವರು ಆಗಷ್ಟೇ ಒಂದಾಗಿದ್ದರು, ಇವರು ಆಗಷ್ಟೇ ಬೇರೆಯಾಗಿದ್ದರು. ಸಿಐಎಸ್‌ನ ಡೊಬ್ರೊವೊಲ್ಸ್ಕಿ ಪೆನಾಲ್ಟಿ ಹೊಡೆದಾಗ ಗೆದ್ದೇಬಿಟ್ಟೆವು ಅಂದುಕೊಂಡೆವು. ಕೊನೇ ನಿಮಿಷದಲ್ಲಿ ಜರ್ಮನಿಯ ಹೆಸ್ಲರ್ ಫ್ರೀ ಕಿಕ್ಕು, 1-1. ಆಮೇಲೆ ನೆದರ್‌ಲೆಂಡ್ಸ್ ಜೊತೆ 0-0.

ಸ್ಕಾಟ್‌ಲೆಂಡ್ ಅಷ್ಟೊತ್ತಿಗೆ ಹೊರಗೆ ಬಿದ್ದಿತ್ತು. ಅದನ್ನು ಗೆದ್ದರೆ ಸೆಮಿಫೈನಲ್. 0-3ರಿಂದ ಸೋತರು. ಜೂನ್ 18ಕ್ಕೆ ಆ ತಂಡದ ಕಥೆ ಮುಗಿಯಿತು.

ಕಾಲ್ಚೆಂಡು_ಹುಚ್ಚ
ತುಂಬಾ ಥ್ಯಾಂಕ್ಸ್ ಸರ್! ಆಟಗಾರರು ಆಮೇಲೆ ಎಲ್ಲಿಗೆ ಹೋದರು?

ಹಾರ್ಕಿವ್_ಹಾಸ್ಟೆಲ್
ಅಲ್ಲೇ ಜಾಸ್ತಿ ನೋವಾಗಿದ್ದು. ಸೋವಿಯತ್ ಜಾಗ ರಷ್ಯಾಕ್ಕೆ ಸಿಕ್ಕಿತು. 1994ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ ಉಕ್ರೇನ್‌ಗೆ ಜಾಗವೇ ಇರಲಿಲ್ಲ. ಕಾಂಚೆಲ್‌ಸ್ಕಿಸ್, ಯುರಾನ್, ಒನೊಪ್ಕೊ, ಡೊಬ್ರೊವೊಲ್ಸ್ಕಿ, ನಾಲ್ವರೂ ಹುಟ್ಟಿದ್ದು ಉಕ್ರೇನ್‌ನಲ್ಲಿ. ನಾಲ್ವರೂ ರಷ್ಯಾಕ್ಕೆ ಆಡಿದರು. ಅಬ್ಖಾಜಿಯಾದ ಟ್ಸ್ವೇಬಾ ಅಂತೂ ಸೋವಿಯತ್, ಸಿಐಎಸ್, ಉಕ್ರೇನ್, ರಷ್ಯಾ, ನಾಲ್ಕೂ ಅಂಗಿ ತೊಟ್ಟ.

ಪೊಲ್ತಾವಾದ ಗೆಳೆಯನಿಗೆ ಕಾಂಚೆಲ್‌ಸ್ಕಿಸ್ ಮೇಲೆ ಇವತ್ತಿಗೂ ಸಿಟ್ಟಿದೆ. ನನಗಿಲ್ಲ. ಆಗ ಕಾಂಚೆಲ್‌ಸ್ಕಿಸ್‌ಗೆ 23 ವರ್ಷ. ವಿಶ್ವಕಪ್ ಆಡಬೇಕು ಅಂತ ಯಾರಿಗಾದರೂ ಆಸೆ ಇರುತ್ತದೆ ಅಲ್ವಾ? ಕೊನೆಗೆ ಅದೂ ಆಗಲಿಲ್ಲ. ರಷ್ಯಾದ ಕೋಚ್ ಸದಿರಿನ್ ಬೇಡ, ಬಿಷೊವೆಟ್ಸ್ ಅವರೇ ಬೇಕು ಅಂತ ಆಟಗಾರರು ಪತ್ರ ಬರೆದರು. ಅದು ನಡೆಯಲಿಲ್ಲ. ಕಾಂಚೆಲ್‌ಸ್ಕಿಸ್, ಡೊಬ್ರೊವೊಲ್ಸ್ಕಿ ಇಬ್ಬರೂ ವಿಶ್ವಕಪ್ ನಡೆದ ಅಮೆರಿಕಕ್ಕೆ ಹೋಗಲೇ ಇಲ್ಲ.