ಡ್ರೀಮ್ ಥಿಯೇಟರ್: ಈಗಿರುವುದು ಮೂಲ ತಂಡವೇನಾ?

ಪ್ರಶ್ನೆ: ಈ ಅಮೆರಿಕನ್ ಮೆಟಲ್ ಬ್ಯಾಂಡಿಗೆ ಡ್ರಮ್ಮರ್ ಪೋರ್ಟ್‌ನಾಯ್ 2023ರಲ್ಲಿ ವಾಪಸ್ ಬಂದರಲ್ಲ, ಈಗ ಎಲ್ಲರೂ ಬ್ಯಾಂಡ್ ಶುರುವಾದ 1985ರವರೇನಾ? ನಾನು ನಡುವೆ ಡ್ರಮ್ಮರ್ ಆಗಿದ್ದ ಮ್ಯಾಂಜಿನಿ ಕಾಲದಲ್ಲಿ ಕೇಳಲು ಶುರು ಮಾಡಿದವನು.

ಉತ್ತರ: ಇಲ್ಲ. ಬಾಸ್ಟನ್‌ನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಜೊತೆಯಾದ ಗಿಟಾರಿನ ಪೆಟ್ರೂಚಿ, ಬಾಸ್ ಗಿಟಾರಿನ ಮಯಂಗ್, ಪೋರ್ಟ್‌ನಾಯ್ ಮೂವರು ಮಾತ್ರ. ಆಗ ಬ್ಯಾಂಡಿನ ಹೆಸರು ಮೆಜೆಸ್ಟಿ. ಗಾಯಕ ಲಾಬ್ರಿ ಬಂದಿದ್ದು 1991ರಲ್ಲಿ, ಕೆನಡಾದಿಂದ.

ಇನ್ನೊಂದು ಉತ್ತರ: ಕೀಬೋರ್ಡ್ ಕಥೆಯೇ ಬೇರೆ. ಕೆವಿನ್ ಮೂರ್ 1994ರಲ್ಲಿ ಬಿಟ್ಟರು. ಆಮೇಲೆ ಶೆರಿನಿಯನ್, 1999ರಿಂದ ರುಡೆಸ್. ರುಡೆಸ್ ಕೈಚಳಕಕ್ಕೆ ಸಾಟಿ ಇಲ್ಲ, ಒಪ್ಪಿದೆ. ಆದರೂ ನನಗೆ ಮೂರ್ ಅವರೇ ಇಷ್ಟ. ಸುಮ್ನೆ ಜಾಸ್ತಿ ಸ್ವರ ತುಂಬುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು: ಮತ್ತೆ ಮ್ಯಾಂಜಿನಿ?

ಉತ್ತರ: 2010ರಲ್ಲಿ ಪೋರ್ಟ್‌ನಾಯ್ ಬಿಡುವು ಕೇಳಿದರು, ಉಳಿದವರು ಒಪ್ಪಲಿಲ್ಲ, ಅವರು ಹೊರಟರು. ಆಗ ಬಂದವರು ಮ್ಯಾಂಜಿನಿ, ಬರ್ಕ್ಲೀಯಲ್ಲೇ ಪಾಠ ಹೇಳುತ್ತಿದ್ದ ಮೇಷ್ಟ್ರು! ಬ್ಯಾಂಡಿನ ಮೊದಲ ಗ್ರ್ಯಾಮಿ, 2022ರದ್ದು, ಅವರ ಕಾಲದ ಹಾಡಿಗೇ ಸಿಕ್ಕಿದ್ದು. ಅದನ್ನು ಯಾರೂ ಹೇಳೋದಿಲ್ಲ, ಅಲ್ವಾ?